ಕ್ರಯಕ್ಕೆ ಕೊಂಡ ಏಕಾಂತ

ಭೂಮಿಯಿಂದ ಸುಮಾರು 400 ಕಿಲೋಮೀಟರು ಎತ್ತರದಲ್ಲಿ, ಗಂಟೆಗೆ ಸುಮಾರು 28,000 ಕಿಲೋಮೀಟರು ವೇಗದಿಂದ ಪರಿಭ್ರಮಿಸುವ ಕೊಠಡಿಗಳಲ್ಲಿ ಧನಿಕರಿಗೆ ವಸತಿಯನ್ನು ಒದಗಿಸುವ ವ್ಯವಹಾರವು ಈಗ ಕಲ್ಪನಾವಿಲಾಸವಾಗಿ ಉಳಿದಿಲ್ಲ. ಅಮೆರಿಕದಲ್ಲಿ ಇದಕ್ಕಾಗಿಯೇ ಹಲವು ಸಂಸ್ಥೆಗಳು ಹುಟ್ಟಿಕೊಂಡಿವೆ. ಕೆಲವು ಹುಟ್ಟಿ ಅಳಿದೂ ಹೋಗಿವೆ. ಇಂತಹ ವಸತಿಯ ಆಕರ್ಷಣೆಗೆ ಎರಡು ಕಾರಣಗಳುಂಟು. ಕಿಟಕಿಯ ಆಚೆ ತಿರುಗುವ ಭೂಗೋಳದ ದರ್ಶನ ಮೊದಲನೆಯದು. ಅದು ಅಪೂರ್ವವಾದುದೆಂಬುದರಲ್ಲಿ ವಾದವಿಲ್ಲ. ಎರಡನೆಯದು ಇನ್ನೂ ಸೂಕ್ಷ್ಮವಾದುದು. ಅಲ್ಲಿ ನೆರೆಹೊರೆಯಿಲ್ಲ, ಬೀದಿಯಿಲ್ಲ, ಕರೆಯದೆ ಬರುವವರಿಲ್ಲ, ಬಾಗಿಲಲ್ಲಿ ಕಾಯುವ ವರದಿಗಾರರಿಲ್ಲ. ಜನರ ಕಣ್ಣಿಗೆ ಬಿದ್ದು ಬಿದ್ದು ಬೇಸತ್ತ ಶ್ರೀಮಂತನಿಗೆ ಯಾರ ದೃಷ್ಟಿಯೂ ತಾಗದ ಸ್ಥಾನವೊಂದನ್ನು ಇಲ್ಲಿ ಕ್ರಯಕ್ಕೆ ಕೊಡಲಾಗುತ್ತದೆ.

ವ್ರತೋಪವಾಸಗಳ ವಿಚಾರಕ್ಕೆ ಮೀಸಲಾದ ಪುಟಗಳಲ್ಲಿ ಈ ಸಂಗತಿಗೆ ಏನು ಸ್ಥಾನವೆಂದು ವಾಚಕರು ಕೇಳಬಹುದು. ಏಕಾಂತವೆಂಬುದು ನಮ್ಮಲ್ಲಿ ಅಡಿಗಡಿಗೆ ಬರುವ ಮಾತು. (ತತ್ತ್ವವಿಚಾರದಲ್ಲಿ ನಾವು ಖಂಡಿಸುವ ಏಕಾಂತವಾದದ ಏಕಾಂತವಲ್ಲ, ಒಬ್ಬನೇ ಇರುವಿಕೆ ಎಂಬ ಸಾಮಾನ್ಯಾರ್ಥದ ಏಕಾಂತ.) ಪರ್ವದಿನದಲ್ಲಿ ಉಪವಾಸ ಕೈಗೊಂಡು ಮನೆಯ ಒಂದು ಮೂಲೆಯನ್ನು ಹುಡುಕುವ ಗೃಹಸ್ಥನೂ ಏಕಾಂತವನ್ನೇ ಬಯಸುತ್ತಾನೆ, ಕೋಟ್ಯಂತರ ಡಾಲರುಗಳನ್ನು ತೆತ್ತು ಆಕಾಶಕ್ಕೆ ಏರುವವನೂ ಅದನ್ನೇ ಬಯಸುತ್ತೇನೆಂದು ಹೇಳುತ್ತಾನೆ. ಎರಡು ಬಯಕೆಗಳಿಗೆ ಒಂದೇ ಹೆಸರಿರುವಾಗ ಅವು ಒಂದೇ ವಸ್ತುವೇ ಎಂಬುದನ್ನು ಪರೀಕ್ಷಿಸುವುದು ಅಪ್ರಸ್ತುತವಾಗಲಾರದು.

ಮೊದಲು ಸಂಗತಿಗಳನ್ನು ನೋಡೋಣ. ಸ್ವಂತ ಹಣದಿಂದ ಅಂತಾರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೋದ ಮೊದಲಿಗರು ಅಮೆರಿಕದ ಉದ್ಯಮಿ ಡೆನ್ನಿಸ್ ಟಿಟೋ. 2001ರ ಏಪ್ರಿಲ್ 28ರಂದು, ತಮ್ಮ ಅರುವತ್ತನೆಯ ವಯಸ್ಸಿನಲ್ಲಿ, ಅವರು ರಷ್ಯದ ಸೋಯುಜ್ ನೌಕೆಯನ್ನೇರಿದರು. ತೆತ್ತ ಮೊತ್ತ ಸುಮಾರು 2 ಕೋಟಿ ಡಾಲರೆಂದು ಪ್ರಸಿದ್ಧವಾಯಿತು. ಅಮೆರಿಕದ ನಾಸಾ ಸಂಸ್ಥೆಗೆ ಇದು ಒಪ್ಪಿಗೆಯಿರಲಿಲ್ಲ. ಬೆಂಗಾವಲಿಲ್ಲದೆ ಅಮೆರಿಕದ ವಿಭಾಗದೊಳಕ್ಕೆ ಬರಕೂಡದು, ಏನಾದರೂ ಒಡೆದರೆ ಅದರ ಬೆಲೆಯನ್ನು ತೆರಬೇಕು ಎಂಬ ಕರಾರುಗಳ ಮೇಲೆ ಅವರ ವಾಸ ನಡೆಯಿತು. ಆಕಾಶದ ಮೊದಲ ಅತಿಥಿಗೆ ದೊರೆತುದು ಬೆಂಗಾವಲಿನ ಆತಿಥ್ಯವೆಂಬುದನ್ನು ನೆನಪಿನಲ್ಲಿಡಬೇಕು.

ವಸತಿಗೃಹಗಳ ವ್ಯಾಪಾರದಿಂದ ಹಣ ಗಳಿಸಿದ ರಾಬರ್ಟ್ ಬಿಗೆಲೋ 1999ರಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿ, ಗಾಳಿ ತುಂಬಿದೊಡನೆ ಹಿಗ್ಗುವ ಕೊಠಡಿಗಳನ್ನು ಕಕ್ಷೆಯಲ್ಲಿರಿಸುವ ಯತ್ನ ಮಾಡಿದರು. 2006 ಮತ್ತು 2007ರಲ್ಲಿ ಮನುಷ್ಯರಹಿತವಾದ ಎರಡು ಮಾದರಿಗಳು ಮೇಲೇರಿದವು. 2016ರಲ್ಲಿ ಒಂದು ಕೊಠಡಿಯನ್ನು ಅಂತಾರಾಷ್ಟ್ರೀಯ ನಿಲ್ದಾಣಕ್ಕೇ ಜೋಡಿಸಲಾಯಿತು; ಅದು ಅತಿಥಿಗೃಹವಾಗದೆ ಉಗ್ರಾಣವಾಯಿತು. 2020ರ ಮಾರ್ಚಿಯಲ್ಲಿ ಆ ಸಂಸ್ಥೆ ತನ್ನ ನೌಕರರೆಲ್ಲರನ್ನೂ ಬಿಟ್ಟುಬಿಟ್ಟಿತು. ಓರಾಯನ್ ಸ್ಪ್ಯಾನ್ ಎಂಬ ಇನ್ನೊಂದು ಸಂಸ್ಥೆ 2018ರಲ್ಲಿ 'ಅರೋರಾ' ಎಂಬ ವೈಭವದ ಹೋಟೆಲನ್ನು ಘೋಷಿಸಿ, ಹನ್ನೆರಡು ದಿನದ ವಾಸಕ್ಕೆ 95 ಲಕ್ಷ ಡಾಲರೆಂದು ಸಾರಿ, 80,000 ಡಾಲರು ಮುಂಗಡವನ್ನೂ ಸ್ವೀಕರಿಸತೊಡಗಿತು. ಹೋಟೆಲಿನ ಒಂದು ಗೋಡೆಯೂ ಮೇಲೇರುವ ಮೊದಲೇ, 2021ರಲ್ಲಿ, ಸಂಸ್ಥೆಯು ಮುಚ್ಚಿತು.

ಈಗಿರುವವು ಹೆಚ್ಚು ಗಟ್ಟಿಯಾದವು. ಹಳೆಯ ನಿಲ್ದಾಣವನ್ನು ಈ ದಶಕದ ಅಂತ್ಯದ ನಂತರ ಕೆಳಗಿಳಿಸಿ ಸಾಗರದಲ್ಲಿ ವಿಸರ್ಜಿಸುವ ನಿರ್ಧಾರವಾಗಿರುವುದರಿಂದ, ಆ ಸ್ಥಾನಕ್ಕೆ ಖಾಸಗಿ ನಿಲ್ದಾಣಗಳನ್ನು ಸಿದ್ಧಪಡಿಸುವ ಸ್ಪರ್ಧೆ ನಡೆದಿದೆ. ಹ್ಯೂಸ್ಟನ್ನಿನ ಆ್ಯಕ್ಸಿಯಮ್ ಸಂಸ್ಥೆಯು ತನ್ನ ಅತಿಥಿಕೋಷ್ಠಗಳ ವಿನ್ಯಾಸವನ್ನು ಫ್ರಾನ್ಸಿನ ಪ್ರಖ್ಯಾತ ವಿನ್ಯಾಸಕಾರ ಫಿಲಿಪ್ ಸ್ಟಾರ್ಕರಿಗೆ ಒಪ್ಪಿಸಿತು. 2018ರಲ್ಲಿ ಪ್ರಕಟವಾದ ಆ ಚಿತ್ರಗಳಲ್ಲಿ ಗೋಡೆಗಳು ಮೆತ್ತೆಗಳಿಂದ ತುಂಬಿವೆ. ಮೆತ್ತೆಗಳ ನಡುವೆ ಬಣ್ಣ ಬದಲಿಸುವ ನೂರಾರು ಕಿರುದೀಪಗಳಿವೆ. ಪಕ್ಷಿಯ ಗೂಡು, ಮೊಟ್ಟೆ, ಗರ್ಭಸ್ಥ ಶಿಶುವಿನ ಲೋಕ, ಇವೇ ತಮ್ಮ ಕಲ್ಪನೆಯ ಮೂಲವೆಂದು ಆ ವಿನ್ಯಾಸಕಾರರು ತಿಳಿಸಿದರು. ಕ್ಯಾಲಿಫೋರ್ನಿಯದ ವಾಸ್ಟ್ ಎಂಬ ಸಂಸ್ಥೆ ನಾಲ್ವರಿಗಾಗಿ ರೂಪಿಸಿದ ಹೇವನ್-1 ಎಂಬ ಸಣ್ಣ ನಿಲ್ದಾಣದ ಒಳಾಂಗಣದಲ್ಲಿ ಮೇಪಲ್ ಮರದ ಹಲಗೆಗಳು, ಪ್ರತಿಯೊಬ್ಬರಿಗೂ ಪ್ರತ್ಯೇಕ ಕೋಣೆ, ತೇಲುವ ದೇಹವನ್ನು ಅಪ್ಪಿ ಹಿಡಿಯುವ ಹಾಸಿಗೆ, ಗುಮ್ಮಟದಂತಹ ಕಿಟಕಿ ಇವೆಲ್ಲವೂ ಯೋಜಿತವಾಗಿವೆ. ಹೊರಲೋಕದೊಡನೆ ನಿರಂತರ ಸಂಪರ್ಕಕ್ಕೆ ವೇಗವಾದ ಇಂಟರ್ನೆಟ್ಟಿನ ಏರ್ಪಾಡೂ ಉಂಟು. ಏಕಾಂತವನ್ನು ಮಾರುವವರೇ ಅದರೊಡನೆ ಅದರ ವಿರೋಧಿಯನ್ನೂ ಕೊಡುಗೆಯಾಗಿ ಕೊಡುತ್ತಿದ್ದಾರೆ.

ಗರ್ಭದ ಉಪಮೆ ವಿನ್ಯಾಸಕಾರರು ಉದ್ದೇಶಿಸಿದುದಕ್ಕಿಂತಲೂ ಹೆಚ್ಚು ಅರ್ಥವತ್ತಾಗಿದೆಯೆಂದು ನನಗೆ ತೋರುತ್ತದೆ. ಗರ್ಭದಲ್ಲಿರುವ ಶಿಶುವಿನಷ್ಟು ಮರೆಯಲ್ಲಿರುವ ಜೀವ ಬೇರೊಂದಿಲ್ಲ. ಅಷ್ಟು ಪರಾಧೀನವಾದ ಜೀವವೂ ಬೇರೊಂದಿಲ್ಲ. ಅದರ ಉಸಿರು ತಾಯಿಯದು, ಅನ್ನ ತಾಯಿಯದು, ಅದು ವಿಸರ್ಜಿಸಿದುದನ್ನು ಹೊರುವವಳೂ ತಾಯಿಯೇ. ಆಕಾಶದ ಅತಿಥಿಯ ಸ್ಥಿತಿ ಅಕ್ಷರಶಃ ಇದೇ. ನಾಸಾ ಸಂಸ್ಥೆ 2019ರ ಜೂನಿನಲ್ಲಿ ಖಾಸಗಿ ಅತಿಥಿಗಳಿಗೆಂದು ಒಂದು ದರಪಟ್ಟಿಯನ್ನು ಪ್ರಕಟಿಸಿತು. ಜೀವಾಧಾರದ ಯಂತ್ರಗಳು ಮತ್ತು ಶೌಚದ ವ್ಯವಸ್ಥೆಗಾಗಿ ಒಬ್ಬರಿಗೆ ದಿನಕ್ಕೆ 11,250 ಡಾಲರು. ಆಹಾರ, ವಾಯು, ಔಷಧ ಮೊದಲಾದುವುಗಳಿಗೆ 22,500 ಡಾಲರು. ವಿದ್ಯುತ್ತು ಒಂದು ಯೂನಿಟ್ಟಿಗೆ 42 ಡಾಲರು. ಒಟ್ಟು ಒಂದು ರಾತ್ರಿಗೆ ಸುಮಾರು 35,000. ಮೇಲೆ ಹೋಗಿಬರುವ ನೌಕೆಯ ವೆಚ್ಚ ಇದರಲ್ಲಿ ಸೇರಿಲ್ಲ. 2021ರಲ್ಲಿ ಈ ದರಗಳನ್ನು ಇನ್ನೂ ಏರಿಸಲಾಯಿತು. ಮೊತ್ತ ಹೆಚ್ಚೋ ಕಡಮೆಯೋ ಎಂಬುದು ನಮ್ಮ ಪ್ರಶ್ನೆಯಲ್ಲ. ಒಬ್ಬ ಮನುಷ್ಯನ ಶ್ವಾಸೋಚ್ಛ್ವಾಸಕ್ಕೆ ದಿನದ ಬೆಲೆಯನ್ನು ಬರೆದಿಟ್ಟ ಪಟ್ಟಿಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ನೆಲದ ಮೇಲೆ ಅತ್ಯಂತ ಬಡವನಿಗೂ ಕೇಳದೆಯೇ ದೊರೆಯುವುದು ಅಲ್ಲಿ ಲೆಕ್ಕದ ಪುಸ್ತಕಕ್ಕೆ ಸೇರುತ್ತದೆ.

ಆ ವಾಸದ ಸ್ವರೂಪವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಕಕ್ಷೆಯಲ್ಲಿ ಬಿಸಿಗಾಳಿ ಮೇಲೇರುವುದಿಲ್ಲ, ತಂಪುಗಾಳಿ ಕೆಳಗಿಳಿಯುವುದಿಲ್ಲ. ಫ್ಯಾನುಗಳು ನಿಂತುಹೋದರೆ ಮಲಗಿದವನು ಬಿಟ್ಟ ಉಸಿರು ಅವನ ಮುಖದ ಮುಂದೆಯೇ ಮೋಡದಂತೆ ನಿಂತು, ತನ್ನದೇ ಇಂಗಾಲಾಮ್ಲವನ್ನು ತಾನೇ ಮತ್ತೆ ಸೇವಿಸುವಂತಾಗುತ್ತದೆ. ಆದುದರಿಂದ ಹಗಲಿರುಳೂ ಯಂತ್ರಗಳ ಸದ್ದು ತಪ್ಪದು; ಮೌನವೆಂಬುದು ಅಲ್ಲಿ ಶಾಂತಿಯ ಲಕ್ಷಣವಲ್ಲ, ಅಪಾಯದ ಸೂಚನೆ. ಅಂತಾರಾಷ್ಟ್ರೀಯ ನಿಲ್ದಾಣದಲ್ಲಿ ವಾಸಿಗಳ ಬೆವರು, ಉಸಿರಿನ ತೇವ, ಮೂತ್ರ ಇವುಗಳನ್ನು ಸಂಗ್ರಹಿಸಿ, ಶೋಧಿಸಿ, ಮತ್ತೆ ಕುಡಿಯುವ ನೀರನ್ನಾಗಿ ಮಾಡಲಾಗುತ್ತದೆ. 2023ರಲ್ಲಿ ಅಮೆರಿಕದ ವಿಭಾಗದ ಯಂತ್ರಗಳು ನೀರಿನ ನೂರಕ್ಕೆ 98 ಭಾಗವನ್ನು ಹೀಗೆ ಮರಳಿ ಪಡೆಯುವ ಮಟ್ಟವನ್ನು ಮುಟ್ಟಿದವು. ಆ ನೀರು ಅನೇಕ ನಗರಗಳ ನೀರಿಗಿಂತ ಶುದ್ಧವೆಂದು ತಜ್ಞರು ಹೇಳುತ್ತಾರೆ. ಅದನ್ನು ಸಂಶಯಿಸಲು ಕಾರಣವಿಲ್ಲ. ಆದರೆ ಪರರ ಸಂಪರ್ಕವನ್ನು ತಪ್ಪಿಸಿಕೊಳ್ಳಲು ಬಂದವನು ಸಹವಾಸಿಗಳ ಬೆವರನ್ನು ಬಟ್ಟಲಿನಲ್ಲಿ ಕುಡಿಯುತ್ತಾನೆಂಬುದನ್ನು ಗಮನಿಸದಿರಲಾಗದು. ಅಲ್ಲಿಯ ಸಿಬ್ಬಂದಿಯ ಮಲಗುವ ಕೋಣೆ ಒಂದು ದೊಡ್ಡ ಬೀರುವಿನಷ್ಟು. ಗಾಳಿಯ ಒತ್ತಡ, ಹೊಗೆ, ತೇವ, ವಿಷಾನಿಲ ಇವೆಲ್ಲವನ್ನೂ ಭೂಮಿಯ ಮೇಲಿನ ನಿಯಂತ್ರಣಕೇಂದ್ರಗಳಲ್ಲಿ ಪಾಳಿಯ ಮೇಲೆ ಪಾಳಿ ಕುಳಿತ ಜನರು ನಿದ್ದೆಗೆಟ್ಟು ನೋಡುತ್ತಿರುತ್ತಾರೆ. ಅವರಲ್ಲೊಬ್ಬನು ಕಣ್ಣು ತಪ್ಪಿಸಿದರೆ ಅತಿಥಿಯ ಏಕಾಂತವು ಶಾಶ್ವತವಾದೀತು!

ಒಬ್ಬನೇ ಹೋಗುವೆನೆಂದರೂ ಸಾಧ್ಯವಿಲ್ಲ. 2022ರ ಏಪ್ರಿಲಿನಲ್ಲಿ ಆ್ಯಕ್ಸಿಯಮ್ ಸಂಸ್ಥೆಯ ಮೊದಲ ಯಾತ್ರೆಯಲ್ಲಿ ಮೂವರು ಧನಿಕರು, ತಲಾ ಸುಮಾರು 5 ಕೋಟಿ 50 ಲಕ್ಷ ಡಾಲರು ವೆಚ್ಚದಲ್ಲಿ, ನಿಲ್ದಾಣಕ್ಕೆ ಹೋದರು. ಹತ್ತು ದಿನಗಳ ಯಾತ್ರೆಯು ಇಳಿಯುವೆಡೆಯ ಹವಾಮಾನದ ದೆಸೆಯಿಂದ ಹದಿನೇಳು ದಿನಗಳಿಗೆ ಬೆಳೆಯಿತು. ಆ ಯಾತ್ರೆಯ ಅನುಭವದ ತರುವಾಯ, ಇಂತಹ ಪ್ರತಿಯೊಂದು ತಂಡಕ್ಕೂ ನಾಸಾದ ಮಾಜಿ ಗಗನಯಾತ್ರಿಯೊಬ್ಬರು ನಾಯಕರಾಗಿರತಕ್ಕದ್ದೆಂಬ ನಿಯಮವೇ ಬಂದಿತು. ನಮ್ಮ ಹಳ್ಳಿಯ ಮನೆಗಳಲ್ಲಿ ಹಸುಳೆಯನ್ನು ಕೆರೆಯ ಕಡೆಗೆ ಒಂಟಿಯಾಗಿ ಬಿಡದಂತೆ ಇದು.

ಇನ್ನು ಗೋಪ್ಯತೆ. 2021ರ ಸೆಪ್ಟೆಂಬರಿನಲ್ಲಿ ನಾಲ್ವರು ಖಾಸಗಿ ಯಾತ್ರಿಕರು ಇನ್‌ಸ್ಪಿರೇಷನ್-4 ಎಂಬ ಯಾತ್ರೆಯಲ್ಲಿ ಮೂರು ದಿನ ಭೂಮಿಯನ್ನು ಸುತ್ತಿದರು. ಆ ನೌಕೆಯ ಶೌಚಸ್ಥಾನವು ಗಾಜಿನ ಗುಮ್ಮಟದ ಬಳಿಯಲ್ಲಿತ್ತು. ಮರೆಗೆ ಒಂದು ಪರದೆ. ನಡುವೆ ಆ ಯಂತ್ರದಲ್ಲಿ ಕೊಳವೆಯೊಂದು ಕಳಚಿ, ಆ ಸಂಗತಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಅವರ ಸಿದ್ಧತೆ, ಯಾತ್ರೆ, ಮರಳುವಿಕೆ ಎಲ್ಲವೂ ಚಲನಚಿತ್ರವಾಗಿ ಮನೆಮನೆಗೆ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಿಲ್ದಾಣಕ್ಕೆ ಹೋದ ಜಪಾನಿನ ಯುಸಾಕು ಮಾಯೆಜಾವಾ ತಾವು ಹಲ್ಲುಜ್ಜುವುದನ್ನೂ ನಿದ್ರಿಸುವುದನ್ನೂ ಚಿತ್ರೀಕರಿಸಿ ಲೋಕಕ್ಕೆ ತೋರಿಸಿದರು. ಅವರು ಏಕಾಂತವನ್ನು ಬಯಸಿ ಹೋದವರಲ್ಲ, ಅದರಲ್ಲಿ ತಪ್ಪೇನಿಲ್ಲ. ಆದರೆ ಏಕಾಂತವನ್ನು ಬಯಸಿ ಹೋಗುವವನಿಗೂ ಆ ಸ್ಥಾನವು ಅದನ್ನು ಕೊಡಲಾರದು. ನಿಲ್ದಾಣವು ಸಂಜೆಯಲ್ಲಿಯೋ ಬೆಳಗಿನ ಜಾವದಲ್ಲಿಯೋ ಹಾದುಹೋಗುವಾಗ, ಸೂರ್ಯಚಂದ್ರರನ್ನು ಬಿಟ್ಟರೆ ಆಕಾಶದಲ್ಲಿ ಅದಕ್ಕಿಂತ ಉಜ್ಜ್ವಲವಾದ ಬಿಂದುಗಳು ಬಹಳ ವಿರಳ. ಹೊಲದಿಂದ ಮನೆಗೆ ಮರಳುವ ರೈತನೂ ಬರಿಗಣ್ಣಿನಿಂದ ಅದನ್ನು ಕಾಣಬಲ್ಲನು. ಅದು ಯಾವ ಊರಿನ ಮೇಲೆ ಯಾವ ನಿಮಿಷದಲ್ಲಿ ಹಾಯುವುದೆಂಬುದು ಮುಂಚಿತವಾಗಿಯೇ ಪ್ರಕಟವಾಗುತ್ತದೆ. ಭೂಮಿಯಲ್ಲಿ ಒಬ್ಬ ಧನಿಕನು ತನ್ನ ತೋಟದ ಮನೆಯಲ್ಲಿ ಬಾಗಿಲು ಹಾಕಿಕೊಂಡರೆ ಅವನು ಎಲ್ಲಿರುವನೆಂದು ಯಾರಿಗೂ ತಿಳಿಯದು.

ಇಷ್ಟರಿಂದ, ಇದು ಮೂರ್ಖರ ವ್ಯರ್ಥಸಾಹಸವೆಂದು ನಕ್ಕು ಬಿಡುವುದು ಸುಲಭ. ಹಾಗೆ ಮಾಡುವುದು ನ್ಯಾಯವಲ್ಲ. ಯಾರ ಕಣ್ಣಿಗೂ ಬೀಳದೆ ನಾಲ್ಕು ದಿನ ಇರಬೇಕೆಂಬ ಬಯಕೆ ಶ್ರೀಮಂತರ ರೋಗವೆಂದು ನಾನು ಒಪ್ಪಲಾರೆ. ಹತ್ತು ಜನರು ಒಂದೇ ಅಂಕಣದಲ್ಲಿ ಮಲಗುವ ಮನೆಯ ಸೊಸೆಗೆ, ಅಳುವುದಕ್ಕೂ ಒಂದು ಮರೆಯಿಲ್ಲದವಳಿಗೆ, ಈ ಬಯಕೆ ಇನ್ನೂ ತೀಕ್ಷ್ಣವಾಗಿ ತಿಳಿದಿರುತ್ತದೆ. ಪ್ರತಿಯೊಬ್ಬರೂ ಏನನ್ನೋ ಬೇಡುವುದಕ್ಕಾಗಿಯೇ ಹತ್ತಿರ ಬರುವ, ಆಡಿದ ಮಾತೆಲ್ಲ ಮರುದಿನ ವಾರ್ತೆಯಾಗುವ ಬಾಳು ದೊಡ್ಡ ಐಶ್ವರ್ಯವಂತನಿಗೂ ಸಂಕಟದ್ದೇ. ಬಯಕೆಯು ಸಾಧುವಾದುದು. ಅದನ್ನು ಪೂರೈಸಿಕೊಳ್ಳುವ ಮಾರ್ಗವನ್ನು ಕುರಿತು ಮಾತ್ರ ನನ್ನ ಆಕ್ಷೇಪ.

ಏಕಾಂತಕ್ಕೂ ಮರೆಗೂ ಭೇದವಿದೆ. ಮರೆಯೆಂದರೆ ಪರರು ನನ್ನನ್ನು ಕಾಣದಿರುವುದು. ಏಕಾಂತವೆಂದರೆ ನಾನು ಪರರಿಂದ ಏನನ್ನೂ ಕೇಳದಿರುವುದು. ಮೊದಲನೆಯದಕ್ಕೆ ಗೋಡೆ, ಕಾವಲು, ದೂರ ಬೇಕು, ಎಂದರೆ ಹಣ ಬೇಕು. ಎರಡನೆಯದಕ್ಕೆ ಅವಶ್ಯಕತೆಗಳನ್ನು ಇಳಿಸಿಕೊಳ್ಳುವ ಶಕ್ತಿಯೊಂದು ಬೇಕು. ಅಷ್ಟಮಿಯ ದಿನ ತುಂಬಿದ ಮನೆಯ ನಡುವೆ ಗೋಡೆಗೊರಗಿ ಕುಳಿತ ಉಪವಾಸಿನಿಯನ್ನು ಎಲ್ಲರೂ ಕಾಣುತ್ತಾರೆ. ಮಕ್ಕಳು ಮೈಮೇಲೆ ಹಾಯ್ದು ಓಡುತ್ತಾರೆ. ಒಳಗೆ ಒಗ್ಗರಣೆಯ ಸದ್ದು ಕೇಳುತ್ತದೆ. ಆಕೆಗೆ ಮರೆಯಿಲ್ಲ. ಆದರೆ ಆ ದಿನ ಆಕೆ ಯಾರಿಂದಲೂ ಏನನ್ನೂ ಬಯಸುವುದಿಲ್ಲವಾದ್ದರಿಂದ ಯಾರೂ ಆಕೆಯನ್ನು ಹಿಡಿದಿಟ್ಟುಕೊಳ್ಳಲಾರರು. ದೇಶವ್ರತದ ಮರ್ಮವೂ ಇದೇ ಅಲ್ಲವೇ: ಇಷ್ಟು ಕಾಲ ಈ ಮನೆಯಿಂದಾಚೆಗೆ, ಈ ಕೋಣೆಯಿಂದಾಚೆಗೆ ನನ್ನ ವ್ಯವಹಾರವಿಲ್ಲವೆಂದು ತನಗೆ ತಾನೇ ಎಲ್ಲೆ ಹಾಕಿಕೊಳ್ಳುವುದು. ಗೋಡೆಯನ್ನು ಕಟ್ಟದೆಯೇ ಕೋಣೆಯೊಂದು ಸಿದ್ಧವಾಗುತ್ತದೆ. ಆಕಾಶದ ಅತಿಥಿಗೆ ಗೋಡೆ ಮಾತ್ರ ದೊರೆಯುತ್ತದೆ. ಆ ಗೋಡೆಯೊಳಗೆ ಅವನ ಒಂದೊಂದು ಉಸಿರಿಗೂ ಸಾವಿರಾರು ಜನರ ಊಳಿಗವಿರುತ್ತದೆ. ಮನುಷ್ಯನು ಅಷ್ಟೊಂದು ಜನರನ್ನು ಏಕಕಾಲದಲ್ಲಿ ಬೇಡುವ ಸ್ಥಿತಿ ನೆಲದ ಮೇಲೆ ಎಲ್ಲಿಯೂ ಒದಗದು. ಅತ್ಯಂತ ಮರೆಯಾದುದನ್ನು ಕೊಳ್ಳಹೋಗಿ ಏಕಾಂತದಿಂದ ಅತ್ಯಂತ ದೂರವಾದುದನ್ನು ಅವನು ಕೊಂಡು ತರುತ್ತಾನೆ.

"ನನ್ನ ಹಣ, ನನ್ನ ದೇಹ, ಯಾರಿಗೇನು ಹಿಂಸೆ?" ಎಂಬ ಪ್ರಶ್ನೆ ಉಳಿಯುತ್ತದೆ. ಇದನ್ನು ತಳ್ಳಿಹಾಕುವಂತಿಲ್ಲ. ಗೃಹಸ್ಥನು ನ್ಯಾಯವಾಗಿ ಗಳಿಸಿದುದನ್ನು ಭೋಗಿಸುವುದನ್ನೇ ಪಾಪವೆಂದು ಯಾರೂ ಹೇಳಿಲ್ಲ. ಹಿಂಸೆಯ ಲೆಕ್ಕವನ್ನಾದರೂ ಸರಿಯಾಗಿ ನೋಡಬೇಕು. ಕಕ್ಷೆಯಲ್ಲಿ ಕಸವನ್ನು ಎಸೆಯುವ ಹಿತ್ತಿಲಿಲ್ಲ. 2021ರ ಮಾರ್ಚಿಯಲ್ಲಿ ನಿಲ್ದಾಣದಿಂದ ಹಳೆಯ ಬ್ಯಾಟರಿಗಳ ಸುಮಾರು 2,600 ಕಿಲೋಗ್ರಾಂ ತೂಕದ ಕಟ್ಟೊಂದನ್ನು, ತಾನಾಗಿಯೇ ಉರಿದು ಹೋಗಲೆಂದು ಬಿಡಲಾಯಿತು. ಮೂರು ವರ್ಷಗಳ ತರುವಾಯ, 2024ರ ಮಾರ್ಚ್ 8ರಂದು, ಅದರ ಉರಿಯದೆ ಉಳಿದ ಮುಕ್ಕಾಲು ಕಿಲೋಗ್ರಾಮಿನಷ್ಟು ತುಂಡೊಂದು ಫ್ಲೋರಿಡಾದ ನೇಪಲ್ಸ್ ನಗರದ ಮನೆಯೊಂದರ ಛಾವಣಿಯನ್ನೂ ಅಂತಸ್ತನ್ನೂ ಭೇದಿಸಿ ಬಿದ್ದಿತು. ಮನೆಯಲ್ಲಿದ್ದ ಬಾಲಕನು ಪುಣ್ಯವಶಾತ್ ಪಾರಾದನು. ಅದು ಸಂಶೋಧನೆಯ ನಿಲ್ದಾಣದ ಕಸ, ಹೋಟೆಲಿನದಲ್ಲ, ನಿಜ. ಆದರೆ ಹೋಟೆಲುಗಳು ಹೆಚ್ಚಿದಷ್ಟೂ ಕಸವೂ ಹೆಚ್ಚುವುದು. ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ಉತ್ಸರ್ಗ ಸಮಿತಿಯೂ ಒಂದು: ದೇಹದ ಮಲವನ್ನು ಬಿಡುವಾಗಲೂ ಆ ನೆಲದಲ್ಲಿ ಯಾವ ಜೀವಿಯಿದೆಯೋ ಎಂದು ನೋಡಿ ಬಿಡಬೇಕು. ತಾನು ಬಿಟ್ಟುದು ಎಲ್ಲಿ ಬೀಳುವುದೆಂದು ಕಾಣಲಾಗದಷ್ಟು ಎತ್ತರದಲ್ಲಿ ವಾಸಿಸುವವನು ಈ ಎಚ್ಚರವನ್ನು ಹೇಗೆ ಪಾಲಿಸಿಯಾನು? ರಾಕೆಟ್ಟುಗಳು ಉಗುಳುವ ಮಸಿ ಮಳೆಮೋಡಗಳಿಗಿಂತ ಮೇಲಿನ ವಾಯುಪದರದಲ್ಲಿ, ಮಳೆಯಿಂದ ತೊಳೆಯದೆ, ವರ್ಷಗಳ ಕಾಲ ನಿಲ್ಲುವುದೂ ಇದೇ ಲೆಕ್ಕಕ್ಕೆ ಸೇರತಕ್ಕದ್ದು.

ಪರರ ಕರ್ಮ ಅಲ್ಲಿಯೂ ಬೆನ್ನುಬಿಡದು. 2021ರ ನವೆಂಬರ್ 15ರಂದು ರಷ್ಯವು ತನ್ನದೇ ಹಳೆಯ ಉಪಗ್ರಹವೊಂದನ್ನು ಕ್ಷಿಪಣಿಯಿಂದ ಒಡೆದು ಪರೀಕ್ಷಿಸಿದಾಗ, ನಿಲ್ದಾಣದಲ್ಲಿದ್ದ ಏಳು ಮಂದಿ, ಅವರಲ್ಲಿ ರಷ್ಯದವರೂ ಇದ್ದರು, ಚೂರುಗಳ ಭಯದಿಂದ ತಂತಮ್ಮ ನೌಕೆಗಳೊಳಗೆ ಅಡಗಬೇಕಾಯಿತು.

ಗುಣವ್ರತಗಳಲ್ಲಿ ಮೊದಲನೆಯದಾದ ದಿಗ್ವ್ರತಕ್ಕೂ ಈ ವಿಷಯಕ್ಕೂ ನೇರವಾದ ಸಂಬಂಧವಿದೆ. ಹತ್ತು ದಿಕ್ಕುಗಳಲ್ಲಿಯೂ ತಾನು ಹೋಗಬಹುದಾದ ಎಲ್ಲೆಯನ್ನು ನಿಶ್ಚಯಿಸಿಕೊಳ್ಳುವುದು ಈ ವ್ರತ; ಎಲ್ಲೆಯಾಚೆಗಿನ ಜೀವಿಗಳ ಮಟ್ಟಿಗೆ ಆ ಗೃಹಸ್ಥನು ಮಹಾವ್ರತಿಯಂತೆಯೇ ಆಗುತ್ತಾನೆಂದು ಹಿರಿಯರು ಹೇಳುತ್ತಾರೆ. ತತ್ತ್ವಾರ್ಥಸೂತ್ರವು ಈ ವ್ರತದ ಐದು ಅತಿಚಾರಗಳನ್ನು ಹೇಳುವಾಗ ಮೇಲಿನ ಎಲ್ಲೆಯನ್ನು ಮೀರುವುದನ್ನೇ ಮೊದಲಿಗೆ ಇಟ್ಟಿದೆ. ಕರ್ನಾಟಕದವರೇ ಆದ ಪೂಜ್ಯಪಾದರು ತಮ್ಮ ವ್ಯಾಖ್ಯಾನದಲ್ಲಿ ಪರ್ವತಾದಿಗಳನ್ನು ಏರುವುದು ಊರ್ಧ್ವದ ಅತಿಕ್ರಮವೆಂದೂ ಬಾವಿಗಳಿಗೆ ಇಳಿಯುವುದು ಅಧೋದಿಕ್ಕಿನದೆಂದೂ ಬಿಲಗುಹೆಗಳನ್ನು ಹೊಗುವುದು ತಿರ್ಯಕ್ಕಿನದೆಂದೂ ಉದಾಹರಿಸುತ್ತಾರೆ. ದೇಶದೇಶಗಳಿಗೆ ವ್ಯಾಪಾರಕ್ಕೆ ಹೋಗುತ್ತಿದ್ದ ಶ್ರಾವಕನಿಗೆ ಪೂರ್ವಪಶ್ಚಿಮಗಳ ಎಲ್ಲೆ ನಿಜವಾದ ತ್ಯಾಗವಾಗಿತ್ತು, ಆಚೆ ಲಾಭವಿತ್ತು. ಊರ್ಧ್ವದ ಎಲ್ಲೆ ಮಾತ್ರ ಬಹುಕಾಲ ಹೆಸರಿಗೆ ಮಾತ್ರ ಎಲ್ಲೆಯಾಗಿ ಉಳಿಯಿತು. ಬೆಟ್ಟದ ತುದಿಗಿಂತ ಮೇಲೆ ಹೋಗುವ ಶಕ್ತಿಯೇ ಇರಲಿಲ್ಲ. ಆಗದುದನ್ನು ಬಿಡುವುದರಲ್ಲಿ ತ್ಯಾಗವೇನು ಬಂತು? ಈಗ ಹಣವುಳ್ಳವನಿಗೆ ಅದು ಆಗುತ್ತದೆ. ನಮ್ಮ ಕಾಲದಲ್ಲಿಯೇ ಆ ಹತ್ತನೆಯ ದಿಕ್ಕು ನಿಜವಾದ ದಿಕ್ಕಾಗಿದೆ.

ಮೇಲೆ ಹೋಗುವುದೆಲ್ಲವೂ ದೋಷವೆಂದು ಇದರಿಂದ ತಿಳಿಯಬಾರದು. ಇದೇ ಆ್ಯಕ್ಸಿಯಮ್ ಸಂಸ್ಥೆಯ ನಾಲ್ಕನೆಯ ಯಾತ್ರೆಯಲ್ಲಿ, 2025ರ ಜೂನ್ 25ರಂದು, ನಮ್ಮ ವಾಯುಸೇನೆಯ ಶುಭಾಂಶು ಶುಕ್ಲ ಅವರು ಭಾರತ ಸರ್ಕಾರವು ತೆತ್ತ ಸ್ಥಾನದಲ್ಲಿ ಕುಳಿತು ಹೋಗಿ, ಜುಲೈ 15ರಂದು ಮರಳಿದರು. ಅವರೊಡನೆ ಹೋದ ಪ್ರಯೋಗಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರು ಸಿದ್ಧಪಡಿಸಿದ ಹೆಸರುಕಾಳು ಮತ್ತು ಮೆಂತ್ಯದ ಬೀಜಗಳೂ ಇದ್ದವು; ತೂಕವಿಲ್ಲದ ಸ್ಥಿತಿಯಲ್ಲಿ ಅವು ಹೇಗೆ ಮೊಳೆಯುವುವೆಂದು ನೋಡುವುದು ಉದ್ದೇಶ. ನಮ್ಮ ಅಡಿಗೆಮನೆಯ ಡಬ್ಬಿಯ ಹೆಸರುಕಾಳು ಆಕಾಶಕ್ಕೆ ಹೋದುದನ್ನು ಓದಿದಾಗ ನನಗೂ ಸಂತೋಷವೇ ಆಯಿತು. ಅವರು ಹೋದುದು ಕಾರ್ಯಕ್ಕಾಗಿ, ಅವರ ಒಂದೊಂದು ಗಂಟೆಯೂ ಪರರಿಗೆ ಲೆಕ್ಕ ಒಪ್ಪಿಸತಕ್ಕ ಗಂಟೆ. ಅಲ್ಲಿಗೆ ಹೋಗುವುದರ ಉದ್ದೇಶವು ಲೆಕ್ಕ ಒಪ್ಪಿಸುವುದರಿಂದ ಪಾರಾಗುವುದೇ ಆದಾಗ ಸಂಗತಿಯು ಬೇರೆಯಾಗುತ್ತದೆ. ಒಂದೇ ನೌಕೆ, ಒಂದೇ ಕಕ್ಷೆ, ಬೆಲೆಯೂ ಹೆಚ್ಚುಕಡಮೆ ಸಮೀಪದ್ದೇ. ಹೊರಗಿನಿಂದ ನೋಡುವವನಿಗೆ ಭೇದವು ಕಾಣದಿರಬಹುದು.

ಉಪವಾಸಾಸಕ್ತರಾದ ವಾಚಕರಿಗೆ ಇನ್ನೊಂದು ಮಾತು. ನಿಲ್ದಾಣವು ಸುಮಾರು 92 ನಿಮಿಷಗಳಿಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸುಮಾರು ಹದಿನಾರು ಸೂರ್ಯೋದಯ, ಹದಿನಾರು ಅಸ್ತ. ಹಗಲೆಂಬುದು ಸ್ಥೂಲವಾಗಿ ಒಂದು ಮುಹೂರ್ತದಷ್ಟು, ನಾವು ಒಂದು ಸಾಮಾಯಿಕಕ್ಕೆ ಕೂರುವ ನಲವತ್ತೆಂಟು ನಿಮಿಷಗಳ ಆಸುಪಾಸು. ರಾತ್ರಿಭೋಜನವನ್ನು ಬಿಟ್ಟವನು ಅಲ್ಲಿ ಉಣ್ಣುವುದೆಂದು? ಇದು ನಗೆಯ ಪ್ರಶ್ನೆಯಲ್ಲ. ಮಲೇಷಿಯದ ವೈದ್ಯ ಶೇಖ್ ಮುಸ್ಜಾಫರ್ ಶುಕೋರ್ 2007ರ ಅಕ್ಟೋಬರಿನಲ್ಲಿ ರಂಜಾನ್ ಮಾಸದ ಕೊನೆಯ ದಿನಗಳಲ್ಲಿ ನಿಲ್ದಾಣಕ್ಕೆ ಹೋದಾಗ, ಆ ದೇಶದ ಇಸ್ಲಾಮೀ ವಿದ್ವಾಂಸರು ಸಭೆ ಸೇರಿ ಒಂದು ಕೈಪಿಡಿಯನ್ನೇ ರಚಿಸಿ, ಹೊರಟ ಸ್ಥಳವಾದ ಬೈಕನೂರಿನ ಕಾಲವನ್ನೇ ಅನುಸರಿಸಬಹುದೆಂದೂ ಉಪವಾಸವನ್ನು ಮರಳಿದ ಮೇಲೆ ಪೂರೈಸಬಹುದೆಂದೂ ತಿಳಿಸಿದರು. ವ್ರತವನ್ನು ಗಂಭೀರವಾಗಿ ಕಂಡವರ ನಡವಳಿಕೆಯಿದು, ಮೆಚ್ಚತಕ್ಕದ್ದು. ನಮ್ಮಲ್ಲಿ ರಾತ್ರಿಭೋಜನದ ನಿಷೇಧಕ್ಕೆ ಮೂಲಕಾರಣ ಗಡಿಯಾರವಲ್ಲ, ಕತ್ತಲಲ್ಲಿ ಕಾಣದೆ ಹೋಗುವ ಸೂಕ್ಷ್ಮಜೀವಿಗಳ ಘಾತ. ಕಿಟಕಿಯ ಹೊರಗೆ ಯಾವ ಹೊತ್ತಾದರೂ ಒಳಗೆ ಒಂದೇ ಬೆಳಕು ಉರಿಯುವ, ದೀಪಕ್ಕೆ ಮುತ್ತುವ ಹುಳುವೇ ಇಲ್ಲದ ಕೊಠಡಿಯಲ್ಲಿ ಆ ಕಾರಣವು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ತ್ಯಾಗಿಗಳೂ ಪಂಡಿತರೂ ವಿಚಾರಿಸಬೇಕು. ಹೊರಟ ಊರಿನ ಸೂರ್ಯನನ್ನು ನೆನೆದು ಉಣ್ಣುವುದೇ ಮೇಲೆಂದು ನನ್ನ ಎಣಿಕೆ. ವ್ರತವನ್ನು ಕೊಟ್ಟ ನೆಲದ ನೆನಪಾದರೂ ಅದರಿಂದ ಉಳಿದೀತು.

ಇದರ ಜೊತೆಯಲ್ಲಿಯೇ ವಿಚಾರಿಸಬಹುದಾದ ಇನ್ನೊಂದು ವ್ಯಾವಹಾರಿಕ ಅಂಶವಿದೆ. ದಿಗ್ವ್ರತವನ್ನು ಕೈಗೊಳ್ಳುವವರು ಎಂಟು ದಿಕ್ಕುಗಳಿಗೆ ನದಿ, ಪರ್ವತ, ನಗರ ಅಥವಾ ದೇಶದ ಹೆಸರು ಹೇಳಿ, ಮೇಲಕ್ಕೂ ಕೆಳಕ್ಕೂ 'ಯಥಾಶಕ್ತಿ' ಎಂದು ಮುಗಿಸುವುದು ಸುಲಭ. ಶಕ್ತಿಯು ಬೆಳೆದಿರುವಾಗ ಆ ಪದದಿಂದ ಯಾವ ಎಲ್ಲೆಯೂ ಏರ್ಪಡುವುದಿಲ್ಲ. ಪ್ರಯಾಣಿಕರ ವಿಮಾನಗಳು ಸಾಮಾನ್ಯವಾಗಿ ಹತ್ತು ಹನ್ನೆರಡು ಕಿಲೋಮೀಟರು ಎತ್ತರದಲ್ಲಿ ಹಾರುತ್ತವೆ. ಮಕ್ಕಳನ್ನು ನೋಡಲು, ಚಿಕಿತ್ಸೆಗೆ, ತೀರ್ಥಯಾತ್ರೆಗೆ ವಿಮಾನವನ್ನೇರುವ ಗೃಹಸ್ಥನಿಗೆ ಅದಕ್ಕಿಂತ ಮೇಲಿನ ಕೆಲಸ ಬೀಳುವುದಿಲ್ಲ. ಊರ್ಧ್ವಕ್ಕೆ ಹದಿನೈದು ಕಿಲೋಮೀಟರು ಎಂದು ಸ್ಪಷ್ಟವಾಗಿ ಹೇಳಿ ವ್ರತವನ್ನು ಸ್ವೀಕರಿಸಬಹುದು. ಅಧೋದಿಕ್ಕಿಗೆ ಗಣಿಗಳ ಮತ್ತು ಸುರಂಗರೈಲಿನ ಆಳವನ್ನು ಗಮನದಲ್ಲಿಟ್ಟು ಅಂತೆಯೇ ಒಂದು ಸಂಖ್ಯೆಯನ್ನು ಇಟ್ಟುಕೊಳ್ಳಬಹುದು.